ಆರು ಸೆಲ್ಲುಗಳಲ್ಲಿ ಒಂದು

ಮಾಧವರಂ, ಮದ್ರಾಸು
೧೪ ಡಿಸೆಂಬರ್ ೧೯೮೬

ಮಗಳೇ ಜಲಜಾ,

ನಿನಗೆ ಮಾವನ ಆಶೀರ್ವಾದ. ಅಣ್ಣನ ಜೊತೆ ಹೊಸಪೇಟೆಗೆ ಹೊರಟ ದಿನ ನಿನ್ನ ಮೈ ಕಾದಿತ್ತು, ಜ್ವರ ಬಿಟ್ಟಿತೇ? ಊಟ ಸೇರುತ್ತಿದೆಯೇ? ಮನಸ್ಸಿಗೆ ನೋವಾದರೆ ಏನೂ ತಿನ್ನದೆ ಕೂತುಬಿಡುವ ಜಾತಿ ನೀನು, ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ತಾಯಿ ಶಾರದಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ನನ್ನ ಹೆಸರು ಕೇಳಿ ಅವರು ಮುಖ ತಿರುಗಿಸಿದರೆ ಅದು ನ್ಯಾಯವೇ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಎಲ್ಲರೂ ಎಂದರೆ ಈಗ ಇರುವುದು ಇಬ್ಬರು, ನಿನ್ನ ಗಂಡ ಹರಿದಾಸ ಮತ್ತು ನಾನು. ಅವನು ಅನ್ನಕ್ಕಿಟ್ಟು ಕೆಲಸಕ್ಕೆ ಹೋಗುತ್ತಾನೆ, ನಾನು ಸಾರು ಮಾಡಿ ಕೆಡಿಸುತ್ತೇನೆ. ಪಕ್ಕದ ಮನೆಯ ಮಾಮಿ ದಿನವೂ ಬೇಲಿಯ ಹತ್ತಿರ ನಿಂತು "ಜಲಜಾ ಎಪ್ಪೋ ವರುವಾ?" ಎಂದು ಕೇಳುತ್ತಾರೆ. ಯಾವಾಗ ಬರುತ್ತೀ ಎಂದು ನನಗೇ ಗೊತ್ತಿಲ್ಲ, ಅವರಿಗೇನು ಹೇಳಲಿ.

ಈ ಕಾಗದಕ್ಕೆ ಕೂತದ್ದು ಬ್ಯಾಟರಿಯ ವಿಚಾರ ಬರೆಯಲು. ಹೆಂಡತಿ ಹೋಗಿ ತಿಂಗಳಾಗಿಲ್ಲ, ಮುದುಕನಿಗೆ ಬ್ಯಾಟರಿಯ ಚಿಂತೆ ಎಂದು ಮಡಿಸಿ ಇಡಬೇಡ, ಕೊನೆಯವರೆಗೆ ಓದು. ರಾತ್ರಿ ದೀಪ ಆರಿಸಲು ಮರೆತು ಅತ್ತೆಯ ಪ್ರಾಣ ತೆಗೆದವಳು ಎಂಬ ಅಪವಾದ ಹೊತ್ತು ಈ ಮನೆಯಿಂದ ಹೋದೆಯಲ್ಲ, ಅದರ ವಿಚಾರವೇ ಇದು. ಹಾಲಿನ ಡೈರಿಯಾಚೆಯ ನಮ್ಮ ಸಾಲಿಗೆ ಕರೆಂಟಿನ ಕಂಬ ಇನ್ನೂ ಬಂದಿಲ್ಲ. ಅಷ್ಟರಲ್ಲಿ ನಿನ್ನ ಅತ್ತೆಗೆ ಲಕ್ವ ಹೊಡೆದು, ಗಂಟಲಿನ ಕಫ ನುಂಗಲೂ ಉಗುಳಲೂ ಆಗದಂತಾಯಿತು. ಆಂಬುಲೆನ್ಸಿನಲ್ಲಿ ಇಡುತ್ತಾರಲ್ಲ, ಕಫ ಎಳೆಯುವ ಮಷೀನು, ಅದಿಲ್ಲದೆ ಮನೆಗೆ ಕಳಿಸುವುದಿಲ್ಲ ಎಂದರು ಡಾಕ್ಟರು. ಹರಿದಾಸ ತನ್ನ ಸಂಸ್ಥೆಯಲ್ಲಿ ಪ್ರಯೋಗ ಮುಗಿದ ಎರಡು ಸೋಲಾರ್ ಪ್ಲೇಟುಗಳನ್ನು ಕೇಳಿ ತಂದು ತಾರಸಿಯ ಮೇಲೆ ಕಟ್ಟಿದ. ಆ ಬಿಸಿಲನ್ನು ಹಿಡಿದಿಡಲು ಯಾವ ಬ್ಯಾಟರಿ ಎನ್ನುವುದೊಂದೇ ಉಳಿದಿತ್ತು. ನನ್ನ ಗೋದಾಬಾಯಿಯ ಉಸಿರು ಅದರ ಮೇಲೆ ನಿಂತಿದೆ ಎಂದು ನಮಗೆ ಮೂವರಿಗೂ ಗೊತ್ತಿತ್ತು.

ಹೊಸದೇ ತರೋಣ ಎಂದ ಹರಿದಾಸ. ಮೌಂಟ್ ರೋಡಿನ ಹತ್ತಿರದ ಅಂಗಡಿಯವನು ಲಾರಿ ಬ್ಯಾಟರಿ ತೋರಿಸಿದ. ನಾನು ಅಲ್ಲೇ ಪಾಠ ಶುರುಮಾಡಿದೆ: ಲಾರಿಯ ಬ್ಯಾಟರಿ ಒಂದು ಸಲ ಜೋರಾಗಿ ಒದ್ದು ಎಂಜಿನ್ ಎಬ್ಬಿಸಿ ಮಲಗುವಂಥದ್ದು, ದಿನವೂ ನಿಧಾನವಾಗಿ ಬಸಿದರೆ ಬೇಗ ಸಾಯುತ್ತದೆ, ಮನೆಗೆ ಬೇಕಾದದ್ದು ರೈಲುಡಬ್ಬಿಯ ದೀಪಕ್ಕೆ ಹಾಕುವ, ದಪ್ಪ ಪ್ಲೇಟಿನ ಸೆಲ್ಲು. ಅಷ್ಟೂ ನಿಜವೇ. ಅಂಥದ್ದನ್ನೇ ಹೊಸದಾಗಿ ತರಿಸಿದ್ದರೆ ಮುಗಿಯುತ್ತಿತ್ತು. ಆದರೆ ಮೂವತ್ತೊಂದು ವರ್ಷ ರೈಲ್ವೆ ಯಾರ್ಡಿನಲ್ಲಿ ಡಬ್ಬಿಗಳಡಿ ತೂರಿ ದೀಪ ಉರಿಸಿದ ಈ ವಿಷ್ಣುತೀರ್ಥನಿಗೆ ಅಂಗಡಿಯ ಮಾಲು ಹಿಡಿಸೀತೇ? ರೈಲ್ವೆಯ ಹಳೆ ಸಾಮಾನು ಹರಾಜು ಹಿಡಿಯುವವನ ಗೋಡೌನಿಗೆ ಹೋಗಿ, ಎರಡೆರಡು ವೋಲ್ಟಿನ ಆರು ಸೆಲ್ಲು ಆರಿಸಿ ತಂದೆ. ಮಂಗಳೂರು ಗಾಡಿಯಲ್ಲಿ ಓಡಾಡಿದವು, ಅವುಗಳ ನಂಬರು ಕೂಡ ನನಗೆ ನೆನಪಿತ್ತು. ಇವು ನನ್ನ ಕೈಯಲ್ಲಿ ಬೆಳೆದ ಮಕ್ಕಳು ಎಂದು ನಿನ್ನ ಅತ್ತೆಯ ಮಂಚದ ಪಕ್ಕದಲ್ಲಿ ನಿಂತು ಜಂಬ ಕೊಚ್ಚಿದೆ. ನೀನು ನಕ್ಕೆ, ಅವಳೂ ಸರಿಯಿದ್ದ ಅರ್ಧ ತುಟಿಯಲ್ಲಿ ನಕ್ಕಳು.

ನಮ್ಮ ಕೆಲಸದ ಒಂದು ಕೆಟ್ಟ ರೂಢಿಯನ್ನು ಈಗ ಹೇಳಲೇಬೇಕು. ಪ್ರತಿ ಸೆಲ್ಲಿನ ಆಸಿಡ್ಡನ್ನೂ ಗಾಜಿನ ಕೊಳವೆಗೆ ಎಳೆದು, ಅದರ ಗಾಢತೆ ಎಷ್ಟಿದೆ ಎಂದು ಅಳೆದು ಬರೆಯಬೇಕು. ಗಾಡಿ ಹೊರಡುವ ಹೊತ್ತಿಗೆ ಅಷ್ಟಕ್ಕೆಲ್ಲ ಪುರುಸೊತ್ತು ಯಾರಿಗೆ? ನಾವು ಕೆಲವರು ಒಂದನ್ನು ಅಳೆಯುತ್ತಿದ್ದೆವು, ಉಳಿದವಕ್ಕೆ ಐದು ಹೆಚ್ಚು, ಐದು ಕಮ್ಮಿ ಮಾಡಿ ತುಂಬಿಸುತ್ತಿದ್ದೆವು. ಎಲ್ಲವೂ ಒಂದೇ ಇದ್ದರೆ ಮೇಲಿನವರಿಗೆ ಅನುಮಾನ ಬರುತ್ತದಲ್ಲ. ಗೋಡೌನಿನಲ್ಲೂ ನಾನು ಅಳೆದದ್ದು ಒಂದನ್ನೇ. ಮನೆಯಲ್ಲಿ ನಾನೇ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲೂ ಪ್ರತಿ ಭಾನುವಾರ ಒಂದನ್ನು ಅಳೆದು ಆರು ಮನೆ ತುಂಬಿಸಿದೆ. ಡಿಸ್ಟಿಲ್ಡ್ ವಾಟರಿನ ಕ್ಯಾನು ಹಿಡಿದು ನಿಂತಿದ್ದ ನೀನು ಒಂದು ಸಲ ಕೇಳಿದೆ, "ಮಾವ, ಉಳಿದ ಐದನ್ನ ನೋಡೋದಿಲ್ವಾ?" ಮೂವತ್ತೊಂದು ವರ್ಷ ನೋಡಿದವನಿಗೆ ಒಂದು ಸಾಕಮ್ಮ ಎಂದೆ. ನೀನು ಕ್ಯಾನಿನ ಮುಚ್ಚಳ ಹಾಕಿದೆ.

ಆಮೇಲಿನದು ನಿನಗೆ ಗೊತ್ತಿರುವುದೇ. ನವೆಂಬರಿನ ಮಳೆ ಹಿಡಿದು ಮೂರು ದಿನ ಸೂರ್ಯ ಕಾಣಲಿಲ್ಲ. ಬಿಸಿಲಿಲ್ಲದಿದ್ದರೂ ಐದು ದಿನ ನಡೆಯುತ್ತದೆ ಎಂಬುದು ಹರಿದಾಸನ ಲೆಕ್ಕ. ನಾಲ್ಕನೆಯ ದಿನ ಬೆಳಿಗ್ಗೆ ಆರೂವರೆಗೆ ಮಷೀನು ಗೊರಗುಟ್ಟಿ ನಿಂತಿತು. ಕೈಯಲ್ಲಿ ಒತ್ತಿ ಕಫ ಎಳೆಯುವ ರಬ್ಬರ್ ಬಲ್ಬು ಹಿಡಿದು ನೀನು ಎಷ್ಟು ಒದ್ದಾಡಿದೆ ಎಂದು ಕಣ್ಣಾರೆ ಕಂಡವನು ನಾನು. ಮೊಣಕಾಲು ನೀರಿನಲ್ಲಿ ನಡೆದು ಹರಿದಾಸ ಟ್ಯಾಕ್ಸಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಲೆಕ್ಕ ತಪ್ಪಿದ್ದಕ್ಕೆ ಅವನಿಗೆ ಕಂಡ ಕಾರಣ ಒಂದೇ, ಆ ಕೋಣೆಯಲ್ಲಿ ಮಲಗುತ್ತಿದ್ದವಳು ನೀನು, ರಾತ್ರಿಯೆಲ್ಲ ಅದೇ ಬ್ಯಾಟರಿಯ ದೀಪ ಉರಿದಿರಬೇಕು. ಆರಿಸಿದ್ದೆ ಎಂದು ನೀನು ಎರಡು ಸಲ ಹೇಳಿದೆ. ಆಮೇಲೆ ನಿನಗೇ ಸಂಶಯ ಹತ್ತಿತು. ಹದಿಮೂರನೆಯ ದಿನ ವೈಕುಂಠ ಸಮಾರಾಧನೆಯಲ್ಲಿ ನೆಂಟರೆಲ್ಲರ ಎದುರಿಗೆ ಅವನು, "ಒಂದು ದೀಪ ಆರಿಸೋ ನೆನಪಿಲ್ಲದವಳ ಕೈಗೆ ಅಮ್ಮನ್ನ ಒಪ್ಪಿಸಿದೆನಲ್ಲ" ಎಂದ. ನಾನು ಎಲೆಯ ಮುಂದೆ ತಲೆ ಬಗ್ಗಿಸಿ ಕೂತಿದ್ದೆ. ಮಾರನೆಯ ದಿನ ನೀನು ಪೆಟ್ಟಿಗೆ ಕಟ್ಟಿದೆ.

ಮೊನ್ನೆ ಆರು ಸೆಲ್ಲನ್ನೂ ಅಳೆದೆ. ಐದು ನೆಟ್ಟಗಿವೆ. ಮೂರನೆಯದರಲ್ಲಿ ಇರುವುದು ಆಸಿಡ್ಡಲ್ಲ, ನೀರು ಎನ್ನಬೇಕು. ತಳದಲ್ಲಿ ಬೂದು ಕೆಸರು. ಸಾಲಿನಲ್ಲಿ ಒಂದು ಸತ್ತರೆ ಉಳಿದ ಐದರಲ್ಲಿ ಎಷ್ಟಿದ್ದರೂ ಮಷೀನಿಗೆ ಸಾಲುವುದಿಲ್ಲ. ಹರಿದಾಸನನ್ನು ಕರೆದು ಸೆಲ್ಲನ್ನೂ ನೋಟ್‌ಬುಕ್ಕನ್ನೂ ತೋರಿಸಿದೆ. ಅವನು ಅಂದು ಊಟ ಮಾಡಲಿಲ್ಲ. ನಿನ್ನನ್ನು ಕರೆತರಲು ಶುಕ್ರವಾರದ ಗಾಡಿಗೆ ಹೊರಡುತ್ತಾನಂತೆ. ಕ್ಷಮೆ ಕೇಳುವುದು ನಮ್ಮ ಮನೆಯ ಗಂಡಸರಿಗೆ ಬಾರದು, ಅವನು ಬಾಗಿಲಲ್ಲಿ ಮರದಂತೆ ನಿಂತರೆ ಅದನ್ನೇ ಕ್ಷಮೆ ಎಂದುಕೋ. ನಿನ್ನಿಂದ ಏನೂ ತಪ್ಪಾಗಲಿಲ್ಲ, ಮಗಳೇ. ನೀನು ದೀಪ ಆರಿಸಿದ್ದೆ. ನಿನ್ನ ಅತ್ತೆಯನ್ನು ಕೊಂದದ್ದು ನನ್ನ ಜಂಬ.

ದೇವರು ನಿನಗೆ ಆರೋಗ್ಯ ಕೊಡಲಿ, ಒಳ್ಳೆಯ ನಿದ್ದೆ ಕೊಡಲಿ. ನಿನ್ನ ಅಣ್ಣನಿಗೆ ನನ್ನ ಆಶೀರ್ವಾದ.

ನಿನ್ನ ಮಾವ,
ವಿಷ್ಣುತೀರ್ಥ

ತಾ.ಕ.: ಅಂಟು ಹಚ್ಚಿದ ಕವರನ್ನು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಮೊನ್ನೆ ಅಳೆದೆ ಎಂದು ಬರೆದದ್ದು ಸುಳ್ಳು, ಹರಿದಾಸನಿಗೆ ಹೇಳಿದ್ದೂ ಅದೇ ಸುಳ್ಳು. ಅವಳು ಹೋದ ಬೆಳಿಗ್ಗೆ, ನೀನು ಅವಳ ತಲೆಯ ಹತ್ತಿರ ಕೂತು ಅಳುತ್ತಿದ್ದಾಗಲೇ, ನಾನು ಹಿಂದಿನ ವರಾಂಡಕ್ಕೆ ಹೋಗಿ ಆರನ್ನೂ ಅಳೆದಿದ್ದೆ. ಆ ಹದಿಮೂರು ದಿನವೂ ನನಗೆ ಗೊತ್ತಿತ್ತು. ಅವನು ಶುಕ್ರವಾರ ಹೊರಡುವ ಮೊದಲು ಇದು ನಿನ್ನ ಕೈ ಸೇರುತ್ತದೆ. ಅವನಿಗೆ ಓದಿಸುವುದೂ ಬಿಡುವುದೂ ನಿನ್ನಿಷ್ಟ, ನಾನಿರುವ ಮನೆಗೆ ಬರುವುದೂ ಬಿಡುವುದೂ ನಿನ್ನಿಷ್ಟ.