ಚುಕ್ಕಿಯ ಕಿವಿಯೋಲೆ

6 ಜನವರಿ 2025, ಸೋಮವಾರ

ಬಂಗಾರಪೇಟೆ. ಒಂಬತ್ತೂವರೆಗೆ ಟೈಪಿಂಗ್ ಅಂಗಡಿ. ಮದುವೆ ಕರೆಯೋಲೆ ಎರಡು, ಬಾಡಿಗೆ ಕರಾರು ಒಂದು. ಮಧ್ಯಾಹ್ನ ಗಿರಾಕಿ ಇಲ್ಲ.

ಫೈಲುಗಳನ್ನು ಒಂದೇ ಗಂಟು ಕಟ್ಟಿಡುವ ಜಿಪ್ ಸಾಫ್ಟ್‌ವೇರಿನ ಹೊಸ ವರ್ಷನ್ ಬಂದಿದೆ ಎಂದು ಸ್ಕ್ರೀನ್ ತೋರಿಸಿತು. ಹಾಕಿಕೊಂಡೆ. ಏನೇನು ಹೊಸದು ಎಂಬ ಪಟ್ಟಿಯನ್ನು ಪೂರ್ತಿ ಓದಿದೆ. ಇಂಥದ್ದನ್ನೆಲ್ಲ ಓದುವವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಹಳೆಯದು ಫೈಲಿನ ಒಳಗಿರುವುದನ್ನು ಮಾತ್ರ ಬೀಗ ಹಾಕಿ ಇಡುತ್ತಿತ್ತು; ಹೆಸರು ಯಾರಿಗಾದರೂ ಕಾಣುತ್ತಿತ್ತು. ಇನ್ನು ಹೆಸರೂ ಕಾಣುವುದಿಲ್ಲ. ಫೈಲ್ ಅಲ್ಲಲ್ಲಿ ಕೆಟ್ಟರೆ ರಿಪೇರಿಗೆ ಬೇಕಾದದ್ದನ್ನು ಒಳಗೇ ಸ್ವಲ್ಪ ಇಟ್ಟುಕೊಳ್ಳುತ್ತದೆ. ಪಾಸ್‌ವರ್ಡನ್ನು ಈ ಕಂಪ್ಯೂಟರಿನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಮೂರಕ್ಕೂ ಟಿಕ್ ಹಾಕಿದೆ.

ಹೆಸರು ಕಾಣದಿರುವುದೇ ಬೇಕಾಗಿತ್ತು. ಹೋದ ವಾರ ಓನರ್ ಸುಧಾಕರ್ ಸರ್ ಕೇಳಿದ್ದರು— “ಏನಮ್ಮಾ ಅಂಬಿಕ, ವೆಂಕಟರತ್ನಮ್ಮ ಕತೆಗಳು ಅಂತ ಐತೆ? ಯಾರ್ದು ಆರ್ಡ್ರು?” ಹಳೆಯ ಆರ್ಡರ್ ಎಂದೆ. ಸುಳ್ಳು. ಆರು ವರ್ಷದಿಂದ ಊಟದ ಹೊತ್ತಿನಲ್ಲಿ ತೆಲುಗಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಬರೆದವರಿಗೇ ಗೊತ್ತಿಲ್ಲ.

ಪಾಸ್‌ವರ್ಡ್ ಉದ್ದ ಇರಲಿ ಎಂದಿತು. ನಮ್ಮ ಹಸು ಚುಕ್ಕಿಯ ಕಿವಿಯೋಲೆಯ ನಂಬರ್ ಹಾಕಿದೆ. ಪಶು ಆಸ್ಪತ್ರೆಯವರು ಹಾಕುವ ಹಳದಿ ಪ್ಲಾಸ್ಟಿಕ್, ಹನ್ನೆರಡು ಅಂಕಿ. ಬೆಳಗ್ಗೆ ಸಂಜೆ ಹಿಂಡಿ ಕಲಸಿ ಇಡುವಾಗ ಕಣ್ಣೆದುರೇ ಇರುತ್ತದೆ. ಎಲ್ಲಿಯೂ ಬರೆದಿಡಬೇಕಾಗಿಲ್ಲ. ಮರೆತರೆ ಕೊಟ್ಟಿಗೆಗೆ ಹೋಗಿ ನೋಡಿದರಾಯಿತು.

20 ಫೆಬ್ರವರಿ, ಗುರುವಾರ

ಹದಿನಾಲ್ಕನೆಯ ಕತೆ ಮುಗಿಯಿತು. ಕೊನೆಯದು.

“ಸೇರಿಸಿದ ಮೇಲೆ ಮೂಲ ಫೈಲನ್ನು ಅಳಿಸು” ಎಂಬುದಕ್ಕೂ ಟಿಕ್ ಹಾಕಿದೆ. ಹದಿನಾಲ್ಕೂ ಈಗ ಒಂದೇ ಗಂಟು. ಒಂದು ಕಾಪಿ ಪೆನ್‌ಡ್ರೈವಿನಲ್ಲಿ, ಪರ್ಸಿನೊಳಗೆ. ಭಾನುವಾರ ವೆಂಕಟರತ್ನಮ್ಮ ಮೇಡಂಗೆ ಅವರ ನೋಟ್‌ಬುಕ್ ವಾಪಸ್ ಕೊಡಬೇಕು.

ಮೇಡಂಗೆ ಹೇಳಬೇಕೆ? ಅವರ ಮನೆಯ ಹಿಂದಿನ ರೂಮಿನಲ್ಲಿದ್ದು ಟೈಪಿಂಗ್ ಕಲಿತವಳು. ಮಾತಿನ ತೆಲುಗು ಊರಿನಿಂದಲೇ ಬಂದಿತ್ತು. ಅಕ್ಷರ ತಿದ್ದಿಸಿದವರು ಅವರು. ಓದಲು ಕೊಟ್ಟದ್ದನ್ನು ಕೇಳದೇ ಹೀಗೆ ಮಾಡಿದ್ದೇನೆ. ಯೋಚಿಸೋಣ.

14 ಮಾರ್ಚ್, ಶುಕ್ರವಾರ

ತಮ್ಮ ಗಿರಿ ಚುಕ್ಕಿಯನ್ನು ಮಾರಿದ. ಹೊಸ ಹಸುವಿಗೆ ಜಾಗ ಬೇಕಂತೆ. ದಲ್ಲಾಳಿ ಬಂದು ಹೊಡೆದುಕೊಂಡು ಹೋದ. ಅಪ್ಪ ಜಗುಲಿಯಿಂದಲೇ ಕೂಗಿದರು— “ಅಗ್ಗ ಬಿಚ್ಕಳ್ಲಾ ಗಿರಿ! ಅಗ್ಗದ್ ಸಮೇತ ಕಳಿಸ್ಬ್ಯಾಡ!” ಹಗ್ಗ ಕೊಟ್ಟರೆ ಕೊಟ್ಟಿಗೆಯ ಕಳೆ ಹೋಗುತ್ತದೆ ಎಂದು ನಂಬಿಕೆ. ಗಿರಿ ಬಿಚ್ಚಿಕೊಂಡ.

ನಾನು ಕಾದಂಬರಿ ಹಿಡಿದು ಒಳಗೇ ಇದ್ದೆ. ನೋಡಬಾರದು ಎನ್ನಿಸಿತು.

20 ಏಪ್ರಿಲ್, ಭಾನುವಾರ

ಆಂಡರ್ಸನ್‌ಪೇಟೆಗೆ ಹೋಗಿದ್ದೆ. ಈಸ್ಟರ್, ಚರ್ಚಿನ ಮುಂದೆ ಆಟೊ ಮುಂದಕ್ಕೆ ಹೋಗಲಿಲ್ಲ, ಇಳಿದು ನಡೆದೆ.

ಮೇಡಂ ಮನೆಗೆ ಹೊಸ ಬಣ್ಣ. ಬಾಗಿಲಲ್ಲೇ ಅಂದರು— “ನಾ ಪುಸ್ತಕಾಲು ಪೋಯಾಯಮ್ಮಾ.” ಕತೆ ಬರೆದಿಟ್ಟಿದ್ದ ನೋಟ್‌ಬುಕ್‌ಗಳೆಲ್ಲ ಹೋದವು. ಬಣ್ಣ ಬಳಿಸಲು ರೂಮು ಖಾಲಿ ಮಾಡುವಾಗ ಸೊಸೆ ಕಲಾ ಟ್ರಂಕಿನಲ್ಲಿದ್ದದ್ದನ್ನೆಲ್ಲ ಗುಜರಿಗೆ ಹಾಕಿದ್ದಾಳೆ.

“ಅಳೇ ಪರೀಕ್ಷೆ ಪೇಪರ್ರು ಅಂದ್ಕೊಂಡೆ ಅಕ್ಕ,” ಎಂದಳು ಕಲಾ. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು. “ಗೊತ್ತಾದ್ ತಕ್ಷಣ ಅಂಗ್ಡಿಗೆ ಓಡ್ದೆ. ಲಾರಿ ಆಗ್ಲೇ ಒಂಟೋಗಿತ್ತು.”

“ಸುಮ್ನಿರು ತಾಯಿ, ಮನೇಲಿ ಯಾರೋ ಸತ್ತಂಗೆ,” ಎಂದು ಮೇಡಂ ಗದರಿದರು. “ಯಾರು ಓದ್ತಾರೆ ಅಂತ ಇಟ್ಕೊಂಡಿದ್ದೆ ನಾನು? ನಮ್ಮ ಲಿಖಿತಾಗೆ ತೆಲುಗು ಅಕ್ಷರಾನೇ ಬರಲ್ಲ. ಅಜ್ಜಿ ಬರೆದದ್ದು ಮೊಮ್ಮಗಳಿಗೆ ಜಿಲೇಬಿ ಸುತ್ತಿದಂಗೆ ಕಾಣುತ್ತೆ.” ಆಮೇಲೆ ನನ್ನ ಕಡೆ ತಿರುಗಿ— “ನೀನೊಬ್ಳು ಓದಿದ್ಯಲ್ಲ. ಎಲ್ಲಾ ಓದಿದ್ಯಾ, ಇಲ್ಲ ಮರ್ಯಾದೆಗೆ ಓದ್ದೆ ಅಂದ್ಯಾ?”

“ಎಲ್ಲಾ ಓದಿದ್ದೀನಿ ಮೇಡಂ.”

ನನ್ನ ಹತ್ತಿರ ಇದೆ— ಈ ಮಾತು ಬಾಯಿಗೆ ಬಂತು. ತಡೆದೆ. ಮೊದಲು ಕಣ್ಣಾರೆ ನೋಡಿ ಆಮೇಲೆ ಹೇಳಬೇಕು. ಹೊರಡುವಾಗ ನೋಡಿದೆ: ಖಾಲಿ ಟ್ರಂಕಿನ ಮುಚ್ಚಳದ ಮೇಲೆ ಅವರ ಕೈ. ತೆಗೆಯಲೇ ಇಲ್ಲ.

21 ಏಪ್ರಿಲ್, ಸೋಮವಾರ

ತೆರೆಯುತ್ತಿಲ್ಲ.

ಪಾಸ್‌ವರ್ಡ್ ಕೇಳುತ್ತಿದೆ. ಯಾವತ್ತೂ ಕೇಳಿರಲಿಲ್ಲ, ಹನ್ನೆರಡು ಅಂಕಿ ನನಗೂ ನೆನಪಿಲ್ಲ. ಸುಧಾಕರ್ ಸರ್— “ಸ್ಲೋ ಆಯ್ತು ಅಂತ ಯುಗಾದಿ ರಜದಾಗೆ ಫಾರ್ಮ್ಯಾಟ್ ಒಡೆಸ್ದೆ ಕಣಮ್ಮ. ಫೈಲೆಲ್ಲ ಅಂಗೇ ಐತಲ್ಲ?” ಫೈಲ್ ಹಾಗೇ ಇದೆ. ನೆನಪಿಟ್ಟುಕೊಂಡಿದ್ದ ಪಾಸ್‌ವರ್ಡ್ ಮಾತ್ರ ಅಳಿಸಿದೆ.

ಸಹಾಯದ ಪುಟ ಓದಿದೆ. ಪಾಸ್‌ವರ್ಡ್ ಮರೆತರೆ ತಯಾರಿಸಿದವರೂ ತೆರೆಯಲಾರರು. ಸರಿಯಾದ ಮಾತು. ನಾನು ಕೇಳಿದ್ದೂ ಅಂಥದ್ದನ್ನೇ.

ಗಿರಿಯ ಫೋನಿನಲ್ಲಿ ಸಂಕ್ರಾಂತಿಯ ಫೋಟೊ ಇದೆ. ಚುಕ್ಕಿಯ ಕೊಂಬಿಗೆ ಬಣ್ಣ, ತಲೆ ತುಂಬ ಚೆಂಡುಹೂವು. ಕಿವಿಯೋಲೆಯ ಮೊದಲ ನಾಲ್ಕು ಅಂಕಿ ಕಾಣುತ್ತದೆ. ಉಳಿದ ಎಂಟು ಹೂವಿನ ಕೆಳಗೆ. ಎಂಟು ಅಂಕಿ ಅಂದರೆ ಹತ್ತು ಕೋಟಿ ಬಗೆ.

ಹಗ್ಗ ಉಳಿಸಿಕೊಂಡೆವು. ನಂಬರ್ ಕಳಿಸಿಕೊಟ್ಟೆವು.

23 ಏಪ್ರಿಲ್, ಬುಧವಾರ

ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಸಾವಕಾಶವಾಗಿ ಕೇಳಿಸಿಕೊಂಡರು. ಆಮೇಲೆ ನಕ್ಕರು. “ನಂಬರ್ ಹೇಳಮ್ಮ, ಹಸು ಯಾರದು ಅಂತ ಹೇಳ್ತೀನಿ. ನೀನು ಹಸು ಹೇಳಿ ನಂಬರ್ ಕೇಳ್ತಿದ್ದೀಯಲ್ಲ!” ಹಿಂದಿನ ಮಾಲೀಕರ ಕೊಟ್ಟಿಗೆಯಲ್ಲೇ ಓಲೆ ಹಾಕಿಸಿಕೊಂಡು ಬಂದ ಹಸು ಅದು, ನಮ್ಮ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ.

ದಲ್ಲಾಳಿಯ ಫೋನ್ ಸ್ವಿಚ್ಡ್ ಆಫ್. ಹಸು ಬೂದಿಕೋಟೆ ಪಕ್ಕದ ಒಂದು ಹಳ್ಳಿಗೆ ಹೋಯಿತು, ತಗೊಂಡದ್ದು ಆದಿಲಕ್ಷ್ಮಿ ಅನ್ನುವವರು— ಗಿರಿಗೆ ನೆನಪಿರುವುದು ಇಷ್ಟೇ.

27 ಏಪ್ರಿಲ್, ಭಾನುವಾರ

ಗಿರಿಯ ಬೈಕಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವನ ತನಿಖೆ.

“ಬ್ಯಾಂಕಿಂದಾ ಪಾಸ್‌ವರ್ಡು?”

“ಅಲ್ಲ.”

“ಮತ್ತೆ ಲವ್ ಲೆಟ್ರಾ ಅಕ್ಕ? ನಲವತ್ಮೂರಕ್ಕೆ?”

“ರಸ್ತೆ ನೋಡಿ ಓಡಿಸು.”

“ನಮ್ಮಕ್ಕ ಅಸು ಕಿವೀಲಿ ಗುಟ್ಟು ಏಳವ್ಳೆ,” ಎಂದು ಗಾಳಿಗೆ ಕೂಗಿ ನಕ್ಕ. ನಾನೂ ನಕ್ಕೆ. ಅವನಿಗೆ ಕಾಣಲಿಲ್ಲ.

ಆದಿಲಕ್ಷ್ಮಿ ಮನೆ ಸುಲಭವಾಗಿ ಸಿಕ್ಕಿತು. ಚುಕ್ಕಿ ನಮ್ಮದಾಗಿತ್ತು ಎಂದ ಕೂಡಲೇ ಆಕೆ ಬಾಗಿಲಿಗೆ ಅಡ್ಡ ನಿಂತಳು. “ವಾಪಸ್ ಕೇಳಕ್ ಬಂದ್ರಾ? ಆಗಲ್ಲ ಕಣಕ್ಕ. ಮೂರು ದಿನ ಒದ್ದು ಒದ್ದು ಈಗ ಒಂದ್ಕೊಂಡೈತೆ.”

“ಹಸು ಬೇಡ. ಕಿವಿಯೋಲೆ ನಂಬರ್ ನೋಡಬೇಕು, ಅಷ್ಟೇ.”

“ನಂಬ್ರಾ? ಯಾತಕ್ಕೆ?”

ಯಾಕೆ ಎಂದು ಹೇಳಲೇಬೇಕಾಯಿತು. ಸುಳ್ಳು ಯಾವುದೂ ಹೊಳೆಯಲಿಲ್ಲ. ಒಬ್ಬರು ಬರೆದ ಕತೆಗಳು ಕಂಪ್ಯೂಟರಿನಲ್ಲಿ ಬೀಗ ಬಿದ್ದಿವೆ, ಆ ನಂಬರೇ ಬೀಗದ ಕೈ ಎಂದೆ. ಯಾರಿಗೂ ಹೇಳದ್ದನ್ನು ಮೊದಲು ಹೇಳಿದ್ದು ಗುರುತಿಲ್ಲದ ಒಬ್ಬಳ ಹೊಸ್ತಿಲಲ್ಲಿ. ಗಿರಿ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ.

ಆದಿಲಕ್ಷ್ಮಿ ಬಾಗಿಲಿಗೆ ಅಡ್ಡ ಹಿಡಿದಿದ್ದ ಕೈ ಇಳಿಸಿದಳು. “ಕತೆ ಅಂದ್ರೆ... ಅಜ್ಜಿ ಏಳೋ ಅಂತವಾ?”

“ಹೆಚ್ಚುಕಮ್ಮಿ.”

“ಮೊದ್ಲೇ ಏಳದಲ್ವಾ!” ಸೀದಾ ಹಿತ್ತಲಿಗೆ ನಡೆದಳು.

ಚುಕ್ಕಿ ನನ್ನ ಗುರುತು ಹಿಡಿಯಲಿಲ್ಲ. ಗಮನವೆಲ್ಲ ಮುಂದಿದ್ದ ಹುಲ್ಲಿನ ಮೇಲೆ. ಓಲೆಗೆ ಸಗಣಿ ಒಣಗಿ ಅಂಟಿತ್ತು. ಆದಿಲಕ್ಷ್ಮಿ ನೀರು ಹಾಕಿ ಸೆರಗಿನಿಂದ ಒರೆಸಿ ಕಿವಿ ಹಿಡಿದುಕೊಂಡಳು. ಗಿರಿ ಫೋಟೊ ತೆಗೆದ. ನಾನು ಚೀಟಿಯಲ್ಲಿ ಬರೆದುಕೊಂಡೆ. ಎರಡು ಸಲ ತಾಳೆ ನೋಡಿದೆ.

ಬರುವಾಗ ಗಿರಿ ತಮಾಷೆ ಮಾಡಲಿಲ್ಲ. ಬಂಗಾರಪೇಟೆ ಹತ್ತಿರ ಬಂದ ಮೇಲೆ ಒಂದೇ ಮಾತು— “ನಂಗೂ ಒಂದ್ಸಲ ಓದಕ್ ಕೊಡ್ತೀಯೇನಕ್ಕ?”

28 ಏಪ್ರಿಲ್, ಸೋಮವಾರ

ತೆರೆಯಿತು.

ಹದಿನಾಲ್ಕು ಹೆಸರು ಸಾಲಾಗಿ. ಹದಿಮೂರು ಸರಿಯಾಗಿವೆ. ಹನ್ನೊಂದನೆಯದು ಕೆಟ್ಟಿದೆ ಎಂದಿತು. ಪೆನ್‌ಡ್ರೈವಿನಲ್ಲಿದ್ದದ್ದರಲ್ಲೂ ಅದೇ ದೋಷ. ರಿಪೇರಿ ಒತ್ತಿದೆ. ಹಸಿರು ಪಟ್ಟಿ ನಿಧಾನವಾಗಿ ಬಲಕ್ಕೆ ಸರಿಯಿತು. ಅಷ್ಟೂ ಹೊತ್ತು ಮೌಸ್ ಮುಟ್ಟಲಿಲ್ಲ. ಸರಿಯಾಯಿತು. ಜನವರಿಯಲ್ಲಿ ಆ ಟಿಕ್ ಹಾಕದೇ ಇದ್ದಿದ್ದರೆ ಆಗುತ್ತಿರಲಿಲ್ಲ.

ಎಲ್ಲವನ್ನೂ ಪ್ರಿಂಟ್ ತೆಗೆದೆ. ಸುಧಾಕರ್ ಸರ್ ಪುಟ ಎತ್ತಿಕೊಂಡು ನಿಂತಲ್ಲೇ ಓದತೊಡಗಿದರು. ಗಿರಾಕಿ ಕಾಯುತ್ತಿದ್ದರೂ ಓದುತ್ತಿದ್ದರು. “ಇದು ಊರಿಗಾಂ ಗಣಿ ಕೆಲಸದವ್ರ ಲೈನು ಮನೆಗಳ ವಿಷ್ಯ ಅಲ್ವಾ? ನಮ್ ಸೋದರತ್ತೆ ಇದ್ದಿದ್ದು ಅಲ್ಲೇ ಕಣಮ್ಮ!”

30 ಏಪ್ರಿಲ್, ಬುಧವಾರ, ಸಂಜೆ

ಎರಡು ದಿನದಲ್ಲಿ ಹದಿನಾಲ್ಕನ್ನೂ ಮತ್ತೆ ಓದಿದೆ. ಬೇರೆ ಯಾರೋ ಮಾಡಿದ್ದು ಎನ್ನುವಂತೆ, ಪೆನ್ಸಿಲ್ ಹಿಡಿದು. ಕೆಲವು ವಾಕ್ಯ ಬಿಗಿಯಾಗಿವೆ, ಸಡಿಲಿಸಬೇಕು. ಒಟ್ಟಿನಲ್ಲಿ ಚೆನ್ನಾಗಿದೆ. ಇದನ್ನು ಬರೆಯಲು ನಾಚಿಕೆಯಿಲ್ಲ.

ಆದರೆ ಹನ್ನೊಂದನೆಯದು. ಶಿಫ್ಟಿಗೆ ಹೋಗುವವರನ್ನು ದಿನವೂ ಕಿಟಕಿಯಿಂದ ಎಣಿಸುವ ಹೆಂಗಸಿನ ಕತೆ. ನಡುವೆ ಕಂಸದಲ್ಲಿ ನಾನೇ ಟೈಪ್ ಮಾಡಿಟ್ಟ ಒಂದು ಸಾಲು: “ಇಲ್ಲಿ ಎಂಟು ಸಾಲು ಬಿಟ್ಟಿದ್ದೇನೆ. ಅಗತ್ಯವಿಲ್ಲ ಎನ್ನಿಸಿತು.”

ಏನಿತ್ತು ಆ ಎಂಟು ಸಾಲಿನಲ್ಲಿ? ಅಡುಗೆಮನೆ, ಏನೋ ಸೀದ ವಾಸನೆ. ಅಷ್ಟೇ ನೆನಪು. ಈಗ ಓದಿದರೆ ಅಲ್ಲೊಂದು ಹೆಜ್ಜೆ ತಪ್ಪುತ್ತದೆ. ಆ ಹೆಂಗಸು ಯಾಕೆ ಒಂದು ದಿನ ಎಣಿಸುವುದನ್ನು ನಿಲ್ಲಿಸಿದಳು ಎನ್ನುವುದೇ ತಿಳಿಯುವುದಿಲ್ಲ. ಅಗತ್ಯವಿತ್ತು. ಇಷ್ಟು ವರ್ಷ ಅನುವಾದ ಓದುವಾಗಲೆಲ್ಲ ಮೂಲದಲ್ಲಿ ಏನನ್ನು ನುಂಗಿದ್ದಾರೋ ಎಂದು ಅನುಮಾನ ಪಟ್ಟವಳು ನಾನು. ನುಂಗಿದವಳೂ ನಾನೇ. ಮೂಲ ಈಗ ಒಬ್ಬರ ತಲೆಯಲ್ಲಿ ಮಾತ್ರ ಇದೆ, ಅದಕ್ಕೆ ಎಪ್ಪತ್ತೆಂಟು ವರ್ಷ.

ಆ ಜಾಗದಲ್ಲಿ ನಾನೇ ಎಂಟು ಸಾಲು ಬರೆದು ಸೇರಿಸಬಹುದು. ಯಾರಿಗೂ ಗೊತ್ತಾಗುವುದಿಲ್ಲ. ನಿನ್ನೆ ಬರೆದೂ ನೋಡಿದೆ. ಹರಿದೆ.

ನಾಳೆ ಮೇ ಒಂದು, ಅಂಗಡಿ ರಜೆ. ಬೆಳಗ್ಗೆಯ ಬಸ್ಸಿಗೆ ಆಂಡರ್ಸನ್‌ಪೇಟೆ. ಪ್ರಿಂಟ್ ಚೀಲದಲ್ಲಿ ಇಟ್ಟಾಗಿದೆ. ಮೊದಲು ಕೇಳದೇ ಮಾಡಿದ್ದನ್ನು ಒಪ್ಪಿಕೊಳ್ಳುವುದು. ಆಮೇಲೆ ಹನ್ನೊಂದನೆಯದನ್ನು ಗಟ್ಟಿಯಾಗಿ ಓದಿ ಹೇಳುವುದು, ಲಿಖಿತಳನ್ನೂ ಕೂರಿಸಿಕೊಂಡು. ಬಿಟ್ಟ ಜಾಗ ಬಂದಾಗ ನಿಲ್ಲಿಸಿ, ಮೇಡಂ, ಇಲ್ಲಿ ಏನಿತ್ತು, ನಾನು ಬಿಟ್ಟುಬಿಟ್ಟಿದ್ದೇನೆ, ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದು...