ಬಾ ಯವ್ವಾ, ಎರೀತೀನಿ

ಯವ್ವಾ,

ಇವತ್ತು ರಾಯಚೂರಿನ ನಮ್ಮ ವೃದ್ಧಾಶ್ರಮದಲ್ಲಿ ಮಾನ್ವಿಯ ರಂಗೂಬಾಯಿ ನನ್ನ ಕೈಯಿಂದ ಜಳಕ ಮಾಡಿಸಿಕೊಂಡರು. ಬಂದಾಗಿನಿಂದ ಅವರು ಬಚ್ಚಲ ಕಡೆ ಹೋಗಿರಲಿಲ್ಲ. ಮೊದಲ ದಿನ ನಾನು, "ಬರ್ರಿ ಅಮ್ಮಾರ, ಮೈ ತೊಳೀತೀನಿ" ಅಂದಿದ್ದೆ.

"ಮೈ ತೊಳೀಲಿಕ್ಕೆ ನಾ ಏನು ಎಮ್ಮೀನ, ಹೆಣಾನ?" ಎಂದು ಗೋಡೆಯ ಕಡೆ ಹೊರಳಿ ಮಲಗಿದ್ದರು. ಆಮೇಲೆ ಯಾರು ಕರೆದರೂ ಏಳಲಿಲ್ಲ.

ಇವತ್ತೂ ನೀರು ಕಾಸಿಟ್ಟು ಅವರ ಮಂಚದ ಬಳಿ ನಿಂತೆ. ಏನು ಹೇಳಬೇಕೋ ತೋಚದೆ ನಿನ್ನ ಮಾತು ಬಾಯಿಗೆ ಬಂತು. "ಬಾ ಯವ್ವಾ, ಎರೀತೀನಿ" ಅಂದೆ. ಓಣಿಯ ಬಾಣಂತಿಯರನ್ನೆಲ್ಲ ನೀನು ಜಳಕಕ್ಕೆ ಹಾಗೆಯೇ ಕರೆಯುತ್ತಿದ್ದೆಯಲ್ಲ.

ಅವರು ಹೊರಳಿ ನನ್ನನ್ನು ನೋಡಿದರು.

"ಎಣ್ಣಿ ಹಚ್ತೀ ಏನು?"

"ಹಚ್ತೀನಿ."

ಎಬ್ಬಿಸಲು ತಾವೇ ಕೈ ಚಾಚಿದರು.

ನೆತ್ತಿಗೆ ಎಣ್ಣೆ ತಟ್ಟಿ ನೀರು ಎರೆದೆ. ಕಣ್ಣಿಗೆ ಇಳಿಯದಂತೆ ಹಣೆಗೆ ಅಂಗೈ ಅಡ್ಡ ಹಿಡಿದೆ, ನೀನು ನನಗೆ ಹಿಡಿಯುತ್ತಿದ್ದಂತೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು, "ನಿಮ್ಮವ್ವಗೂ ಹಿಂಗ ಎರೀತಿದ್ದೇನವ್ವಾ?"

ಇನ್ನೊಂದು ತಂಬಿಗೆ ನೀರು ತುಂಬಿಕೊಂಡು, "ಹೂಂ" ಅಂದೆ.

ನೀನು ಹೋದ ದಿನ ನಾನು ಗಬ್ಬೂರಿನಲ್ಲಿ ಬಸ್ಸು ಇಳಿದು ಮನೆಗೆ ಬರುವಷ್ಟರಲ್ಲಿ ನಿನ್ನನ್ನು ಅಂಗಳದ ಗೋಡೆಗೆ ಆನಿಸಿ ಕೂಡಿಸಿದ್ದರು. ಮೈ ತೊಳೆದಾಗಿತ್ತು.