ಗೌರಾಬಾಯಿಯನ್ನು ಕೂಡಿಸಿದ ಕೈ

ಕಲಬುರ್ಗಿ
೧೪-೨-೧೯೯೨

ಚಿ. ಅನಂತನಿಗೆ ನಿನ್ನ ಅಣ್ಣನ ಆಶೀರ್ವಾದಗಳು.

ಇಲ್ಲಿ ನಾವು ಅರಾಮ ಇದ್ದೇವೆ. ನಿನ್ನ ಪತ್ರ ಬಂದು ಆರು ದಿನವಾಯಿತು, ಸಿಟ್ಟಾಗಬೇಡ. ಕಾಲೇಜಿನ ಪರೀಕ್ಷೆ ಅಂತ ನೆವ ಹೇಳಬಹುದಿತ್ತು, ನಿಮ್ಮ ವೈನಿ ಬಿಡುವುದಿಲ್ಲ. "ಬರ್ತೇನಿ ಅನ್ರಿ, ಇಲ್ಲಾ ಬರಂಗಿಲ್ಲ ಅನ್ರಿ. ಹಿಂಗ ಕಾಗದ ಮುಂದಿಟ್ಕೊಂಡು ಕೂತ್ರ ಏನಾಗ್ತದ?" ಎಂದು ದಿನಾ ಚುಚ್ಚುತ್ತಾಳೆ.

ಜೇವರ್ಗಿ ಕಡೆಯ ಆ ಮುದುಕನ ಕೊಲೆಯ ಬಗ್ಗೆ ಬರೆದಿದ್ದೀ. "ಅಣ್ಣಾ, ಒಮ್ಮೆ ಜಾಗಾ ನೋಡಿ ಎಂಥಾ ಮನುಷ್ಯಾ ಮಾಡ್ಯಾನ ಹೇಳು, ಉಳಿದದ್ದು ನಾ ನೋಡ್ಕೋತೇನಿ. ಮಣ್ಣೂರಿನ ಕೇಸಿನ್ಯಾಗ ಹೇಳಿದ್ದಿಯಲ್ಲ, ಹಂಗ." ಹೊಸದಾಗಿ ಪಿ.ಎಸ್.ಐ. ಆದವನ ಉತ್ಸಾಹ ನನಗೆ ತಿಳಿಯುತ್ತದೆ. ಆದರೆ ಮಣ್ಣೂರಿನ ಕಥೆ ನಿನಗೆ ಅರ್ಧ ಮಾತ್ರ ಗೊತ್ತು.

೧೯೮೪ರಲ್ಲಿ ನೀನಿನ್ನೂ ಧಾರವಾಡದಲ್ಲಿ ಓದುತ್ತಿದ್ದೆ. ಕೊಲೆಯಾದ ಜಾಗ ನೋಡಿ ಕೊಂದವನ ಸ್ವಭಾವ ಹೇಳುವ ವಿದ್ಯೆಯನ್ನು, ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ನಾನು ಬೆಂಗಳೂರಿನಲ್ಲಿ ಒಂದು ತಿಂಗಳು ಕಲಿತು ಬಂದಿದ್ದೆ. ಜಂಬ ಬೇಕಾದಷ್ಟಿತ್ತು. ಇನ್‌ಸ್ಪೆಕ್ಟರ್ ಹಣಮಂತ್ರಾಯರು ಜೀಪು ಕಳಿಸಿದರು. ಗೌರಾಬಾಯಿ ಎಂಬ ಲಿಂಗಾಯತ ಹೆಣ್ಣುಮಗಳ ತಲೆಗೆ ಹೊಡೆದು ಕೊಂದಿದ್ದರು. ಆದರೆ ಹೆಣ ಬಿದ್ದಿರಲಿಲ್ಲ, ಕೂತಿತ್ತು. ಗೋಡೆಗೆ ಆನಿಸಿ, ಕಾಲು ಮಡಚಿ, ಹಣೆಗೆ ವಿಭೂತಿ ಹಚ್ಚಿ, ಅವರಲ್ಲಿ ಸತ್ತವರನ್ನು ಹೇಗೆ ಕೂಡಿಸುತ್ತಾರೋ ಹಾಗೇ ಕೂಡಿಸಿದ್ದರು.

ನಾನು ತಡವರಿಸಲೇ ಇಲ್ಲ. "ಹೊರಗಿನಾಂವ ಹೊಡದು ಓಡಿಹೋಗ್ತಾನ್ರಿ. ಇಂವ ಹೊಡದ ಮ್ಯಾಲ ಅತ್ತಾನ, ಸಂಸ್ಕಾರ ಮಾಡ್ಯಾನ. ಅಕೀ ಮನ್ಯಾಂವನ ಇರಬೇಕು" ಎಂದೆ. ಆ ಮನೆಯಲ್ಲಿ ಅವಳ ಜೊತೆ ವಾಸವಿದ್ದವನು ಗಂಡ ಚಂದ್ರಾಮಪ್ಪ ಒಬ್ಬನೇ. ಹೊಲಕ್ಕೆ ಹೋಗಿದ್ದೆ ಅಂದ, ನೋಡಿದವರು ಯಾರೂ ಇರಲಿಲ್ಲ.

ಮೂರನೆಯ ದಿನ ಠಾಣೆಯಲ್ಲಿ ಅವನನ್ನು ಮಾತಾಡಿಸಿದೆ. ಪಾದ ಬಾತು ನೆಲಕ್ಕೆ ಊರಲು ಬರುತ್ತಿರಲಿಲ್ಲ. "ಸಾಹೇಬರ, ನಾನ ಹೊಡದೇನೇನ್ರಿ? ನನಗ ನೆಪ್ಪಿಲ್ರಿ. ನೀವು ಓದಿದವ್ರು, ನೀವು ಹೇಳೀರಂದ್ರ ಖರೇ ಇರಬೇಕ್ರಿ" ಎಂದ. ಮೆತ್ತಗಾಗುತ್ತಿದ್ದಾನೆ ಅಂತ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಕೆಲವು ದಿನಕ್ಕೆ ಅವನು ಲಾಕಪ್ಪಿನಲ್ಲೇ ಧೋತರದಿಂದ ನೇಣು ಹಾಕಿಕೊಂಡ. ಮಾಡಿದ ಪಾಪ ತಿಂದಿತು ಅಂತ ಊರೆಲ್ಲ ಮಾತಾಡಿತು.

ಎರಡು ವರ್ಷದ ಮೇಲೆ ಸೊಲ್ಲಾಪುರದ ಕಡೆ ಸಿಕ್ಕ ಕಳ್ಳನೊಬ್ಬ ಗೌರಾಬಾಯಿಯನ್ನು ಕೊಂದದ್ದು ತಾನೇ ಅಂತ ಒಪ್ಪಿಕೊಂಡ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹಾಗಾದರೆ ಹೆಣ ಕೂಡಿಸಿದವರು ಯಾರು? ನೆರೆಮನೆಯ ಬೀಬಿಜಾನ. ಅವಳೇ ನನ್ನ ಹತ್ತಿರ ಬಂದು ಹೇಳಿದಳು: "ಮೂವತ್ತು ವರ್ಷ ಒಂದ ಗ್ವಾಡಿ ನಮ್ದು ಅಕೀದು. ಕೈಕಾಲು ಸೆಟದ ಮ್ಯಾಲ ಕೂಡ್ಸಾಕ ಬರಂಗಿಲ್ರಿ. ಅದಕ್ಕ ನಾನ ಕೂಡ್ಸಿ ಈಬತ್ತಿ ಹಚ್ಚಿದೆ. ಪೊಲೀಸ್ರು ಬಂದ್ರು, ಅಂಜಿ ಬಾಯಿ ಬಿಡಲಿಲ್ರಿ."

ನಮ್ಮ ಅತನೂರಿನ ಓಣಿಯಲ್ಲಿ ಯಾರ ಮನೆಯ ಸಾವಿಗೆ ಏನು ಮಾಡಬೇಕು ಅಂತ ಎಲ್ಲ ಜಾತಿಯವರಿಗೂ ಗೊತ್ತಿತ್ತು. ಅಲ್ಲಿ ಹುಟ್ಟಿದವನಿಗೆ ಅದು ಹೊಳೆಯಲಿಲ್ಲ ನೋಡು. ಈಗಲೂ ಕ್ಲಾಸಿನಲ್ಲಿ ಯಾರಾದರೂ "ಹೌದೇನ್ರಿ ಸರ್?" ಅಂದರೆ ಚಂದ್ರಾಮಪ್ಪನೇ ಕೇಳಿದಂತಾಗಿ ನನಗೆ ಭಯವಾಗುತ್ತದೆ.

ಸೋಮವಾರ ಬರುತ್ತೇನೆ. ಯಾರು ಮಾಡಿದರು ಅಂತ ಮಾತ್ರ ಹೇಳುವುದಿಲ್ಲ. ಅಷ್ಟರೊಳಗೆ ಹೆಣ ಮೊದಲು ಕಂಡವರು, ಮುಟ್ಟಿದವರು, ಬಾಯಿಗೆ ನೀರು ಬಿಟ್ಟವರು ಯಾರ್ಯಾರು ಅಂತ ಸಮಾಧಾನದಿಂದ ಕೇಳಿಡು. ಯಾರ ಮೈಮೇಲೂ ಕೈ ಮಾಡಬೇಡ. ದೇವರು ನಿನಗೆ ಆಯುಷ್ಯ, ಆರೋಗ್ಯ, ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಅಣ್ಣ,
ಗುರುರಾಜ

ತಾ.ಕ.: ಬೀಬಿಜಾನ ನನಗೆ ಹೇಳಿದ್ದು ಅವನು ಸತ್ತ ಮೇಲೆ ಅಂತ ನೀನು ತಿಳಿದಿರುತ್ತೀ. ಅಲ್ಲ, ಅನಂತಾ. ಅವಳು ಬಂದಾಗ ಚಂದ್ರಾಮಪ್ಪ ಬದುಕಿದ್ದ. ಹಣಮಂತ್ರಾಯರ ಮುಂದೆ ನನ್ನದು ತಪ್ಪಾಯಿತು ಅನ್ನಲು ನಾಚಿಕೆಯಾಗಿ, ಇವತ್ತು ನಾಳೆ ಅಂತ ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಹೋಗುವಷ್ಟರಲ್ಲಿ ಹೆಣ ಇಳಿಸಿದ್ದರು. ನಾನು ಅವತ್ತೇ ಹೋಗಿ ಹೇಳಿದೆ, ಪೊಲೀಸರೇ ಕೇಳಲಿಲ್ಲ ಅಂತ ಬೀಬಿಜಾನ ಇವತ್ತಿಗೂ ನಂಬಿದ್ದಾಳೆ.